ಸಹಾಯ ಬೇಕು: ಮ್ಯಾಕ್ ಟೇಬಲ್ ತುಂಬಿಲ್ಲ, ಆದರೂ ಸ್ವಿಚ್ ಫ್ಲಡ್ ಮಾಡುತ್ತಿದೆ

ವಿಎಲ್ಯಾನ್ (ಸ್ವಿಚ್‌ನೊಳಗೆ ಬೇರ್ಪಡಿಸಿದ ಉಪಜಾಲ) 20ರ ಬ್ಯಾಕಪ್ ಸರ್ವರ್‌ಗೆ ಹೋಗಬೇಕಾದ ಟ್ರಾಫಿಕ್ ಆ ವಿಎಲ್ಯಾನಿನ ಎಲ್ಲ ಪೋರ್ಟ್‌ಗಳಲ್ಲೂ ಕಾಣಿಸುತ್ತಿದೆ. ಮ್ಯಾಕ್ ಟೇಬಲ್ (ಯಾವ ಸಾಧನದ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂಬ ಸ್ವಿಚ್‌ನ ಪಟ್ಟಿ) ತುಂಬಿರಬಹುದು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: 8192 ವಿಳಾಸಗಳ ಜಾಗದಲ್ಲಿ ಬಳಕೆಯಾಗಿರುವುದು 412. ಲೂಪ್ ಕೂಡ ಅಲ್ಲ, ಲಾಗ್‌ನಲ್ಲಿ ಮ್ಯಾಕ್ ಫ್ಲ್ಯಾಪಿಂಗ್ (ಒಂದೇ ವಿಳಾಸ ಪೋರ್ಟ್‌ನಿಂದ ಪೋರ್ಟ್‌ಗೆ ಜಿಗಿಯುವುದು) ಒಂದೂ ಇಲ್ಲ.

ರೌಟಿಂಗ್ ಕೂಡ ಮಾಡುವ ಎರಡು ಲೇಯರ್ 3 ಸ್ವಿಚ್‌ಗಳಿವೆ, ‘ಎ’ ಮತ್ತು ‘ಬಿ’; ನಡುವೆ ವಿಆರ್‌ಆರ್‌ಪಿ (ಎರಡೂ ಸೇರಿ ಒಂದೇ ಗೇಟ್‌ವೇಯಾಗಿ ಕಾಣುವ ವ್ಯವಸ್ಥೆ). ಸರ್ವರ್ ಕಳಿಸುವುದು ‘ಎ’ ಮೂಲಕ, ಅದಕ್ಕೆ ಬರುವುದು ‘ಬಿ’ ಮೂಲಕ. ಸ್ವಿಚ್ ಕಲಿಯುವುದು ಫ್ರೇಮ್ ಕಳಿಸಿದವರ ವಿಳಾಸದಿಂದ. ಸರ್ವರ್‌ನ ಫ್ರೇಮ್ ‘ಬಿ’ಗೆ ತಲುಪುವುದೇ ಇಲ್ಲವಾದ್ದರಿಂದ 300 ಸೆಕೆಂಡಿಗೆ ಅದರ ಮ್ಯಾಕ್ ಅಳಿಸಿಹೋಗುತ್ತದೆ. ಎಆರ್‌ಪಿ ನಮೂದು (ಯಾವ ಐಪಿಗೆ ಯಾವ ಮ್ಯಾಕ್ ಎಂಬುದು) ಮಾತ್ರ 14400 ಸೆಕೆಂಡ್ ಉಳಿದಿರುತ್ತದೆ. ಮ್ಯಾಕ್ ಗೊತ್ತು, ಪೋರ್ಟ್ ಗೊತ್ತಿಲ್ಲ. ಎಲ್ಲ ಕಡೆ ಸುರಿಯುತ್ತದೆ. ‘ಬಿ’ಯಿಂದ ಸರ್ವರ್‌ಗೆ ಒಂದು ಪಿಂಗ್ ಕೊಟ್ಟರೆ ಐದು ನಿಮಿಷ ಎಲ್ಲ ಸರಿ!

ಮ್ಯಾಕ್ ಅಳಿಯುವ ಅವಧಿ, ಅಂದರೆ ಏಜಿಂಗ್ ಅನ್ನು 14400ಕ್ಕೆ ಏರಿಸುವುದೋ, ಎಆರ್‌ಪಿಯನ್ನು 270ಕ್ಕೆ ಇಳಿಸುವುದೋ? ನನ್ನ ಒಲವು ಎರಡನೆಯದಕ್ಕೆ. ಪಿಸಿ ಪೋರ್ಟ್‌ಗಳಿಗೆ ಎಡ್ಜ್ (ಇಲ್ಲಿ ಬೇರೆ ಸ್ವಿಚ್ ಇಲ್ಲ ಎನ್ನುವ ಸೆಟ್ಟಿಂಗ್) ಹಾಕಿಲ್ಲ, ಹಾಗಾಗಿ ಪ್ರತಿ ಪಿಸಿ ಆನ್ ಆದಾಗಲೂ ಲೂಪ್ ತಡೆಯುವ ಆರ್‌ಎಸ್‌ಟಿಪಿ, ಟೊಪಾಲಜಿ (ಜಾಲದ ಜೋಡಣೆ) ಬದಲಾಯಿತೆಂದು ಸಾರಿ ಕಲಿತ ವಿಳಾಸಗಳನ್ನು ಅಳಿಸಿಬಿಡುತ್ತದೆ; ಏಜಿಂಗ್ ಎಷ್ಟಿದ್ದರೇನು? ಅದನ್ನು ಮೊದಲು ಸರಿಪಡಿಸುತ್ತೇನೆ. ಮ್ಯಾಕ್ ಅನ್ನು ಒಂದು ಪೋರ್ಟ್‌ಗೆ ಕೈಯಾರೆ ಕಟ್ಟಿಡುವ ಸ್ಟ್ಯಾಟಿಕ್ ಎಂಟ್ರಿ ಬೇಡ, ಕೇಬಲ್ ಬೇರೆ ಪೋರ್ಟ್‌ಗೆ ಹೋದರೆ ಸರ್ವರ್ ಮಾಯ.

ಸುಮಾರು 400 ಸಾಧನಗಳಿಗೆ 270 ಸೆಕೆಂಡಿಗೊಮ್ಮೆ ಎಆರ್‌ಪಿ ಕೇಳಿದರೆ ಸಿಪಿಯು ಮೇಲೆ ಎಷ್ಟು ಹೊರೆ ಬೀಳುತ್ತದೆ? ಹೀಗೆ ಇಟ್ಟು ನಡೆಸಿದವರು ಅಂಕಿ ಸಮೇತ ತಿಳಿಸಿ.