ಓಸ್ಟ್ರಮ್ ಸೈಟೇಶನ್: ಸ್ಕಾಲರ್‌ನಲ್ಲಿ ಒಂದು ಲೆಕ್ಕ, ಸ್ಕೋಪಸ್‌ನಲ್ಲಿ ಇನ್ನೊಂದು, ಯಾವುದು ಹಾಕೋದು?

ಪಡುಕರೆ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಲ್ಲಿ ಪಿಎಚ್‌ಡಿ ಮಾಡ್ತಾ ಇದ್ದೇನೆ, ವಿಷಯ ಮಲ್ಪೆ ಕಡೆಯ ಮೀನುಗಾರಿಕೆ, ಯಾರು ಎಲ್ಲಿ ಬಲೆ ಹಾಕ್ಬಹುದು ಅನ್ನೋ ನಿಯಮ ಯಾರು ಮಾಡ್ತಾರೆ ಅಂತ. ಥಿಯರಿಗೆ, ಎಲ್ಲರದ್ದಾದ ಆಸ್ತಿಯನ್ನು ಜನರೇ ಹೇಗೆ ನೋಡ್ಕೊಳ್ತಾರೆ ಅಂತ ಬರೆದ ಎಲಿನಾರ್ ಓಸ್ಟ್ರಮ್ ಅವರನ್ನು ಹಿಡ್ಕೊಂಡಿದ್ದೇನೆ. ಈಗ ನನ್ನ ಗೈಡ್, ಓಸ್ಟ್ರಮ್ ಪ್ರಕಟಣೆಗಳ ಬಗ್ಗೆ ಒಂದು ಸೆಕ್ಷನ್ ಬರಿ, ಸೈಟೇಶನ್ (ಬೇರೆಯವರು ಎಷ್ಟು ಸಲ ಉಲ್ಲೇಖ ಮಾಡಿದ್ರು ಅನ್ನೋ ಲೆಕ್ಕ), ಎಚ್-ಇಂಡೆಕ್ಸ್ ಎಲ್ಲ ಹಾಕು ಅಂತಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ 1990ರ "ಗವರ್ನಿಂಗ್ ದ ಕಾಮನ್ಸ್" ಪುಸ್ತಕ ಒಂದಕ್ಕೇ ಹತ್ತಾರು ಸಾವಿರ ಉಂಟು, ಸ್ಕೋಪಸ್‌ನಲ್ಲಿ ಲೆಕ್ಕ ತುಂಬ ಕಡಿಮೆ. ಯಾವುದು ಸರಿ? ಹಾಕಿದ ಮೇಲೂ ಅದರಿಂದ ಎಂತ ಹೇಳೋದು?

ಲೈಬ್ರರಿ_ಮಣಿಪಾಲ:
ಎರಡೂ ಸರಿಯೇ, ಎರಡೂ ಬೇರೆ ಬೇರೆ ಎಣಿಸ್ತವೆ ಅಷ್ಟೆ. ಸ್ಕೋಪಸ್ ಮುಖ್ಯವಾಗಿ ತಾನು ಆಯ್ದ ಜರ್ನಲ್‌ಗಳನ್ನು ನೋಡ್ತದೆ, ಸ್ಕಾಲರ್ ಪುಸ್ತಕ, ಥೀಸಿಸ್, ವರದಿ, ವರ್ಕಿಂಗ್ ಪೇಪರ್ ಸಿಕ್ಕಿದ್ದೆಲ್ಲ ಬಾಚ್ತದೆ. ಪೊಲಿಟಿಕಲ್ ಎಕಾನಮಿಯವರು ದೊಡ್ಡ ಮಾತು ಪುಸ್ತಕದಲ್ಲೇ ಹೇಳೋದು ಜಾಸ್ತಿ, ಹಾಗಾಗಿ ಇವರ ವಿಷಯದಲ್ಲಿ ಅಂತರ ಎದ್ದು ಕಾಣ್ತದೆ. ಯಾವ ಡೇಟಾಬೇಸ್, ಯಾವ ತಾರೀಕಿಗೆ ನೋಡಿದ್ದು ಅಂತ ಕಡ್ಡಾಯ ಬರೀರಿ.

ಎಚ್-ಇಂಡೆಕ್ಸ್ 2005ರಲ್ಲಿ ಹಿರ್ಶ್ ಅನ್ನೋ ಭೌತವಿಜ್ಞಾನಿ ಮಾಡಿದ್ದು. 20 ಅಂದ್ರೆ ಕಡಿಮೆ ಅಂದ್ರೂ 20 ಸಲ ಉಲ್ಲೇಖ ಆದ ಬರಹ 20 ಉಂಟು ಅಂತ. ಒಂದು ಪುಸ್ತಕಕ್ಕೆ ಹತ್ತು ಸಾವಿರ ಸೈಟೇಶನ್ ಬಂದ್ರೂ ಆ ಲೆಕ್ಕಕ್ಕೆ ಅದು ಒಂದೇ ಬರಹ! ಓಸ್ಟ್ರಮ್ ತರದವರನ್ನು ಅದರಲ್ಲಿ ಅಳೆಯೋದು ನನಗಂತೂ ಒಪ್ಪೋದಿಲ್ಲ. ಮತ್ತೆ ಹೆಸರು ನೋಡ್ಕೊಳ್ಳಿ, ಗಂಡ ವಿನ್ಸೆಂಟ್ ಓಸ್ಟ್ರಮ್ ಕೂಡ ದೊಡ್ಡ ವಿದ್ವಾಂಸರು, ಟೀಬೌ ಮತ್ತು ವಾರೆನ್ ಜೊತೆಗಿನ 1961ರ ಲೇಖನ ಅವರದ್ದು, ಅದನ್ನು ಇವರ ಲೆಕ್ಕಕ್ಕೆ ಸೇರಿಸ್ಬೇಡಿ.

ಕೊಣಾಜೆ_ರಿಸರ್ಚ್:
ನಂಬರ್ ಬೇಡವೇ ಬೇಡ ಅನ್ಬೇಡಿ ಮಾರಾಯ್ರೆ. ಕೆಲಸದ ಇಂಟರ್‌ವ್ಯೂಗೆ ಹೋದ್ರೆ ನಮ್ಮನ್ನು ಅದರಲ್ಲೇ ಅಳೆಯೋದು. ಒಪ್ಪಿಗೆಯ ಜರ್ನಲ್‌ಗಳ ಪಟ್ಟಿ ಯುಜಿಸಿ ಕೇರ್ ಲಿಸ್ಟನ್ನು 2025ರಲ್ಲಿ ನಿಲ್ಲಿಸಿ ಆಯ್ತು, ಆದ್ರೂ ಎಷ್ಟು ಪೇಪರ್ ಅನ್ನೋ ಪ್ರಶ್ನೆ ಹೋಗಲಿಲ್ಲ. ಗೈಡ್ ಕೇಳಿದ್ದನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಉಳಿದ ಜಾಗದಲ್ಲಿ ಯಾರು ಯಾಕೆ ಉಲ್ಲೇಖ ಮಾಡಿದ್ರು ಅಂತ ಬರೀರಿ. ಅರಣ್ಯದವರು, ನೀರಾವರಿಯವರು, ಕಾನೂನಿನವರು ಎಲ್ಲ ಮಾಡಿದ್ದಾರೆ. ಓಸ್ಟ್ರಮ್ ಪಿಎಚ್‌ಡಿ ರಾಜ್ಯಶಾಸ್ತ್ರದಲ್ಲಿ, 2009ರ ನೊಬೆಲ್ ಅರ್ಥಶಾಸ್ತ್ರದಲ್ಲಿ, ಒಂದೇ ವಿಷಯಕ್ಕೆ ಸೇರಿದವರಲ್ಲ ಅಂತ ಅದರಲ್ಲೇ ಗೊತ್ತಾಗ್ತದಲ್ಲ.

ನಿವೃತ್ತ_ಮೇಷ್ಟ್ರು_ಉಡುಪಿ:
ಮಗಳೇ, ಆ ಸಾವಿರಾರು ಸೈಟೇಶನ್‌ಗಳಲ್ಲಿ ಬಹಳಷ್ಟು, ಎಲ್ಲರದ್ದಾದ ಆಸ್ತಿಯ ವ್ಯವಸ್ಥೆ ಬಾಳಿಕೆ ಬಂದ ಕಡೆ ಏನೇನು ಇತ್ತು ಅಂತ ಆ ಪುಸ್ತಕ ಕೊಟ್ಟ ಎಂಟು ತತ್ವಗಳ ಪಟ್ಟಿಗೆ ಬಂದು ನಿಲ್ತವೆ. ಗ್ಯಾರೆಟ್ ಹಾರ್ಡಿನ್ ಅನ್ನೋ ಪರಿಸರ ವಿಜ್ಞಾನಿ 1968ರಲ್ಲಿ ಎಲ್ಲರದ್ದಾದ ಆಸ್ತಿ ಹಾಳಾಗಿಯೇ ಹೋಗ್ತದೆ ಅಂದ, ಓಸ್ಟ್ರಮ್ ಇಲ್ಲ ಊರಿನವರೇ ಕಾಪಾಡ್ತಾರೆ ಅಂದ್ರು, ಮುಗೀತು. ಆದ್ರೆ ಅದೇ ಪುಸ್ತಕದ ಐದನೇ ಅಧ್ಯಾಯ ಪೂರ್ತಿ ಸೋತ, ಇಲ್ಲ ಅಲುಗಾಡ್ತಿದ್ದ ಕಡೆಗಳದ್ದೇ ಕತೆ. ಅಲ್ಲಿ ಶ್ರೀಲಂಕಾದ ಮಾವೆಲ್ಲೆ ಅನ್ನೋ ಊರು ಬರ್ತದೆ, ದಡದಿಂದ ಎಳೆಯೋ ಬಲೆ, ಸರದಿ ಪ್ರಕಾರ ಹಾಕೋದು, ಬಲೆಗಳ ಸಂಖ್ಯೆ ಏರ್ತಾ ಹೋಗಿ ಒಬ್ಬೊಬ್ಬರ ಪಾಲು ಕರಗಿತು, ತಡೆಯೋ ನಿಯಮ ಇದ್ರೂ ಜಾರಿ ಆಗ್ಲಿಲ್ಲ. ಓದುವಾಗ ದಡದಿಂದ ಎಳೆಯೋ ನಮ್ಮ ರಂಪಣಿ ಬಲೆ ನೆನಪಾಗದೆ ಇರ್ತದಾ? ನಮ್ಮಲ್ಲಿ 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಸುತ್ತುವರಿದು ಬಲೆ ಹಾಕೋ ಪರ್ಸೀನ್ ಬೋಟ್ ಬಂದು ರಂಪಣಿ ಮೂಲೆ ಸೇರಿತು, ಕಾರಣ ಬೇರೆ, ಆದ್ರೆ ನಿಯಮ ಯಾರ ಕೈಲಿತ್ತು ಅನ್ನೋ ಪ್ರಶ್ನೆ ಒಂದೇ. ಸ್ಕಾಲರ್‌ನಲ್ಲಿ "ಸೈಟೆಡ್ ಬೈ" ಒತ್ತಿ ಅದರೊಳಗೆ ಮಾವೆಲ್ಲೆ ಅಂತ ಹುಡುಕು. ಬರೋದು ಸ್ವಲ್ಪವೇ, ನಿನಗೆ ಬೇಕಾದವರು ಅವರೇ.

ಪಡುಕರೆ_ಹುಡುಗಿ:
ಸರ್ ತುಂಬ ಥ್ಯಾಂಕ್ಸ್, ಐದನೇ ಅಧ್ಯಾಯದಿಂದಲೇ ಶುರು ಮಾಡ್ತೇನೆ. ಮೇಡಂ, ಹಾಗೆ ಹುಡುಕಿದ್ದನ್ನು ಥೀಸಿಸ್‌ನಲ್ಲಿ ಹೇಗೆ ತೋರಿಸೋದು?

ಲೈಬ್ರರಿ_ಮಣಿಪಾಲ:
ಹುಡುಕಿದ ಪದ, ತಾರೀಕು, ಎಷ್ಟು ಬಂತು, ಅದರಲ್ಲಿ ಓದಿದ್ದು ಎಷ್ಟು, ಬಿಟ್ಟಿದ್ದು ಯಾಕೆ, ಇಷ್ಟನ್ನು ಟೇಬಲ್ ಮಾಡಿ ಅನುಬಂಧಕ್ಕೆ ಹಾಕಿ. Mawelle ಅನ್ನೋದರ ಇಂಗ್ಲಿಷ್ ಸ್ಪೆಲ್ಲಿಂಗ್ ಪುಸ್ತಕದಲ್ಲಿದ್ದ ಹಾಗೇ ಟೈಪ್ ಮಾಡಿ, ಇಲ್ಲದಿದ್ರೆ ಏನೂ ಬರೋದಿಲ್ಲ.