ರಿವರ್ಸಲ್ ಬಾರ್ ಯಾವಾಗ ನಂಬಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಕುವೆಂಪುನಗರ, ಮೈಸೂರು: ಚಾರ್ಟ್ ನೋಡೋದು ಈಗ ಕಲಿಯುತ್ತಿದ್ದೇನೆ. ಒಂದು ದಿನದ ಬೆಲೆಯ ಏರಿಳಿತ ತೋರಿಸುವ ಗೆರೆಗೆ ಬಾರ್ ಅಂತಾರೆ; ಇಳಿಯುತ್ತಿರುವ ಷೇರು ಮೇಲಕ್ಕೆ ತಿರುಗುವ ಸೂಚನೆ ರಿವರ್ಸಲ್ ಬಾರ್ ಅಂತಾರೆ. ಹುಡುಕಿದರೆ ಎಲ್ಲಾ ಕಡೆ ಕಾಣುತ್ತೆ, ಎಷ್ಟೋ ಸುಳ್ಳಾಗುತ್ತೆ. ಯಾವುದನ್ನು ನಂಬೋದು?

ಉತ್ತರ, ಮಂಡ್ಯ: ಒಂದು ಲೆಕ್ಕ ತಗೊಳ್ಳಿ. ಷೇರು ಕೆಲವು ವಾರಗಳಿಂದ ಇಳಿಯುತ್ತಲೇ ಇದೆ. ನಿನ್ನೆ ಹೈ (ದಿನದ ಗರಿಷ್ಠ ಬೆಲೆ) 412, ಲೋ (ಕನಿಷ್ಠ ಬೆಲೆ) 402, ಕ್ಲೋಸ್ (ದಿನ ಮುಗಿದ ಬೆಲೆ) 404. ಇವತ್ತು 400ಕ್ಕೆ ಶುರುವಾಯ್ತು, 393ಕ್ಕೆ ಬಿತ್ತು, ಅಲ್ಲಿಂದ ಎದ್ದು 409 ಮುಟ್ಟಿ 408ಕ್ಕೆ ಮುಗಿಯಿತು. ನಿನ್ನೆಗಿಂತ ಕೆಳಗಿನ ಲೋ, ಆದರೆ ನಿನ್ನೆಗಿಂತ ಮೇಲಿನ ಕ್ಲೋಸ್. ಇದೇ ರಿವರ್ಸಲ್ ಬಾರ್. ನಿನ್ನೆಯ ಹೈ 412ನ್ನೂ ದಾಟಿ ಮುಗಿದಿದ್ದರೆ ಕೀ ರಿವರ್ಸಲ್ ಅಂತಾರೆ, ಅದಕ್ಕೆ ತೂಕ ಜಾಸ್ತಿ. ಏರುತ್ತಿರುವ ಷೇರಿಗೆ ಇದೆಲ್ಲ ತಿರುಗುಮುರುಗು.

ನಾನು ಬಾರ್‌ಗಿಂತ ಮೊದಲು ಅದರ ಎಡಗಡೆ ನೋಡುತ್ತೇನೆ. ಹಿಂದೆ ಉದ್ದನೆಯ ಇಳಿತವೇ ಇಲ್ಲದಿದ್ದರೆ ತಿರುಗೋಕೆ ಏನಿದೆ? 400ರಿಂದ 420ರ ಮಧ್ಯೆ ಸುಮ್ನೆ ಓಲಾಡುವ ಷೇರಿನಲ್ಲಿ ಇಂಥ ಬಾರ್ ಬೇಕಾದಷ್ಟು ಸಿಗುತ್ತವೆ. ನಿಮಗೆ ಸುಳ್ಳಾಗುತ್ತಿರುವುದು ಬಹುಶಃ ಅವೇ.

ಬಾರ್ ಕಂಡ ದಿನವೇ ಕೊಳ್ಳಬೇಡಿ. ಮರುದಿನ 409 ದಾಟಿದರೆ 410ಕ್ಕೆ ತಗೊಳ್ಳಿ, ಸ್ಟಾಪ್‌ಲಾಸ್ 392ಕ್ಕೆ ಇಡಿ, ಅಂದರೆ ಅಷ್ಟಕ್ಕೆ ಬಿದ್ದರೆ ತಾನಾಗಿ ಮಾರುವ ಆರ್ಡರ್. ಒಂದು ಷೇರಿಗೆ 18 ರೂಪಾಯಿ ಹೋಗಬಹುದು. 1,800 ಹೋದರೂ ತಡೆಯುತ್ತೇನೆ ಅನ್ನುವವರಿಗೆ 100 ಷೇರು, ಅಷ್ಟೇ. 409 ದಾಟದೇ ಇದ್ದರೆ ಬಿಟ್ಟುಬಿಡಿ.

ಉತ್ತರ, ಸರಸ್ವತಿಪುರಂ, ಮೈಸೂರು: ಮೇಲಿನವರು ಹೇಳಿದ್ದು ಸರಿ. ಮಾರುಕಟ್ಟೆ ಮುಚ್ಚುವವರೆಗೆ ಬಾರ್ ಪೂರ್ತಿಯಾಗಿರಲ್ಲ ಅನ್ನೋದೂ ನೆನಪಿರಲಿ. ಮಧ್ಯಾಹ್ನ ಒಂದು ಗಂಟೆಗೆ ಚೆನ್ನಾಗಿ ಕಂಡಿದ್ದು ಸಂಜೆ ಹೊತ್ತಿಗೆ ಇರೋದೇ ಇಲ್ಲ. ವಾಲ್ಯೂಮ್ (ಆ ದಿನ ಕೈಬದಲಾದ ಷೇರುಗಳ ಸಂಖ್ಯೆ) ಹಿಂದಿನ ದಿನಗಳಿಗಿಂತ ಜಾಸ್ತಿ ಇದ್ದರೆ ನನಗೆ ನಂಬಿಕೆ ಬರುತ್ತೆ. ವ್ಯವಹಾರವೇ ಕಡಿಮೆ ಇರುವ ಸಣ್ಣ ಷೇರಿನಲ್ಲಿ ಇದನ್ನು ಹುಡುಕಲೇಬೇಡಿ, ಒಬ್ಬರ ದೊಡ್ಡ ಆರ್ಡರ್ ಸಾಕು ಅಲ್ಲಿ ಬಾರ್ ಮೂಡೋಕೆ.

ಉತ್ತರ, ಮದ್ದೂರು: ಬೋನಸ್ (ಕಂಪನಿ ಉಚಿತವಾಗಿ ಕೊಡುವ ಷೇರು), ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯೋದು) ಆದ ಷೇರಾದರೆ ಚಾರ್ಟಿನ ಬೆಲೆ ಅದಕ್ಕೆ ಹೊಂದಿಸಿದ್ದಾರಾ ನೋಡಿ. ಇಲ್ಲದಿದ್ದರೆ ಆಗದ ಇಳಿತ ಕಾಣುತ್ತೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಇದನ್ನು ಕಲಿತ ಕೂಡಲೇ ಷೇರಿನ ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡುವ ಆಪ್ಷನ್‌ಗೆ ಇಳಿಯಬೇಡಿ. 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇ. 93ರಷ್ಟು ಜನ ನಷ್ಟದಲ್ಲಿದ್ದರು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2024ರಲ್ಲಿ ಹೇಳಿದೆ. ಮೊದಲು ನಿಮಗೆ ಗೊತ್ತಿರುವ ಒಂದೇ ದೊಡ್ಡ ಕಂಪನಿಯ ಹಳೆಯ ಚಾರ್ಟ್ ತೆಗೆಯಿರಿ. ಪ್ರತಿ ರಿವರ್ಸಲ್ ಬಾರ್ ಆದ ಮೇಲೆ ಏನಾಯ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಸುಳ್ಳಾದದ್ದನ್ನೂ ಬಿಡದೆ ಬರೆಯಿರಿ.