‘ರಿಮೂವಲ್’ಗೆ ‘ನಿರ್ಮೂಲನೆ’ ಸರಿಯೇ? ಹಸಿರುಮನೆ ಅನಿಲದ ಅನುದಾನದ ಬರಹಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ,

ಸ್ವೀಡನ್ ಸರ್ಕಾರದ ಒಂದು ಹವಾಮಾನ ಅನುದಾನದ ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ಗ್ರೀನ್‌ಹೌಸ್ ಗ್ಯಾಸ್ ರಿಮೂವಲ್’ಗೆ ಕನ್ನಡದಲ್ಲಿ ಏನನ್ನೋಣ? ‘ಹಸಿರುಮನೆ ಅನಿಲ’ ಶಾಲೆಯ ಮಕ್ಕಳಿಗೂ ಗೊತ್ತು. ತೊಡಕಿರುವುದು ‘ರಿಮೂವಲ್’ನಲ್ಲಿ, ಅಂದರೆ ಗಾಳಿಯಲ್ಲಿ ಆಗಲೇ ಸೇರಿರುವ ಆ ಅನಿಲವನ್ನು ಹೊರತೆಗೆಯುವುದರಲ್ಲಿ.

ಥಟ್ಟನೆ ನೆನಪಾಗುವ ಪದ ‘ನಿರ್ಮೂಲನೆ’. ಅದು ಬೇಡ ಅನ್ನಿಸುತ್ತದೆ. ಪೋಲಿಯೊ ನಿರ್ಮೂಲನೆ ಎಂದರೆ ಪೋಲಿಯೊ ಚೂರೂ ಉಳಿಯಬಾರದು. ಈ ಅನಿಲಗಳು ಹಾಗಲ್ಲ. ಇವು ಪೂರ್ತಿ ಇಲ್ಲದೇ ಹೋದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿಳಿಯುತ್ತದೆ. ಜಾಸ್ತಿ ಆಗಿರುವುದನ್ನಷ್ಟೇ ತೆಗೆಯಬೇಕು.

‘ಕಡಿತ’ವೂ ಆಗದು. ಕೆರೆಗೆ ಹೂಳು ಬರದಂತೆ ತಡೆಯುವುದು ಒಂದು ಕೆಲಸ, ತುಂಬಿದ ಹೂಳೆತ್ತುವುದು ಇನ್ನೊಂದು. ಎರಡಕ್ಕೂ ಬಿಲ್ಲು ಬೇರೆ ಬೇರೆ. ‘ಕಡಿತ’ ಮೊದಲನೆಯದು, ನನಗೆ ಬೇಕಿರುವುದು ಎರಡನೆಯದು.

ಇನ್ನು ‘ಇಂಗಾಲ ಸೆರೆ’, ಅಂದರೆ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಡುವುದು. ನಿಜವಾದ ಗೊಂದಲ ಇಲ್ಲೇ. ಸ್ಟಾಕ್‌ಹೋಮ್‌ನ ಒಂದು ಸ್ಥಾವರ ಮರದ ಚಕ್ಕೆ, ಕಡ್ಡಿ ಉರಿಸಿ ಊರಿನ ಮನೆಗಳಿಗೆ ಬಿಸಿ ಒದಗಿಸುತ್ತದೆ. ಅದರ ಚಿಮಣಿಯಲ್ಲೇ ಕಾರ್ಬನ್ ಡೈಆಕ್ಸೈಡ್ ಹಿಡಿದು, ದ್ರವ ಮಾಡಿ, ಹಡಗಿನಲ್ಲಿ ಸಾಗಿಸಿ, ಕಡಲತಳದ ಕೆಳಗಿನ ಬಂಡೆಗಳಲ್ಲಿ ಇಡುವ ಯೋಜನೆ ನಡೆದಿದೆ. ವರ್ಷಕ್ಕೆ ಸುಮಾರು 8 ಲಕ್ಷ ಟನ್. ಆ ಇಂಗಾಲವನ್ನು ಮರ ಬೆಳೆಯುವಾಗ ಗಾಳಿಯಿಂದಲೇ ಎಳೆದುಕೊಂಡಿತ್ತು. ಹಾಗಾಗಿ ಲೆಕ್ಕದಲ್ಲಿ ಇದು ‘ರಿಮೂವಲ್’. ಅದೇ ಯಂತ್ರವನ್ನು ಕಲ್ಲಿದ್ದಲಿನ ಚಿಮಣಿಗೆ ಕೂರಿಸಿ ನೋಡಿ. ಹೊಸ ಹೊಗೆ ಸೇರುವುದು ತಪ್ಪುತ್ತದೆ, ಅಷ್ಟೆ. ಗಾಳಿಯಲ್ಲಿ ಆಗಲೇ ಇರುವುದು ಒಂದಿಷ್ಟೂ ಕಡಿಮೆಯಾಗದು. ಎರಡೂ ಸೆರೆಯೇ, ಒಂದು ಮಾತ್ರ ರಿಮೂವಲ್.

ದುಡ್ಡಿನ ಮಾತು ಬಂದಾಗ ಇದು ಸಣ್ಣ ವಿಷಯವಲ್ಲ. ಅಮೆರಿಕದ 2022ರ ಕಾನೂನಿನಲ್ಲಿ ಚಿಮಣಿಯಲ್ಲಿ ಹಿಡಿದು ನೆಲದಡಿ ಹೂತ ಟನ್ನಿಗೆ 85 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಇದೆ, ನೇರ ಗಾಳಿಯಿಂದ ಹಿಡಿದು ಹೂತರೆ 180. ಉರಿದದ್ದು ಮರವೋ ಕಲ್ಲಿದ್ದಲೋ ಎಂದು ಆ 85ಕ್ಕೆ ಕೇಳುವುದಿಲ್ಲ. ಸ್ವೀಡನ್‌ನ ಅನುದಾನವಾದರೋ ಮರದಂಥ ಇಂಧನದಿಂದ ಬಂದ ಇಂಗಾಲಕ್ಕೇ ಮೀಸಲು. ಎಲ್ಲವನ್ನೂ ‘ಸೆರೆ’ ಎಂದೇ ಬರೆದರೆ ಓದುಗರಿಗೆ ಈ ಅಂತರ ಹೇಗೆ ತಿಳಿಯಬೇಕು ಹೇಳಿ?

ಸದ್ಯಕ್ಕೆ ನನಗೆ ಹೊಳೆದಿರುವುದು ‘ತೆಗೆತ’: ‘ಇಂಗಾಲ ತೆಗೆತ’, ‘ತೆಗೆತದ ಅನುದಾನ’. ‘ಹೀರಿಕೆ’ ಮರಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಹೀರಿಕೊಂಡಿದ್ದು ಕಾಡಿಗೆ ಬೆಂಕಿ ಬಿದ್ದರೆ ಮತ್ತೆ ಗಾಳಿಗೇ ಹೋಗುತ್ತದೆ. ಬಹುಕಾಲ ಕೂಡಿಡುವ ಅರ್ಥ ಆ ಪದದಲ್ಲಿಲ್ಲ. ‘ಹಿಂತೆಗೆತ’ ಅಂದರೆ ನಾಮಪತ್ರ, ಕೇಸು ನೆನಪಾಗುತ್ತವೆ.

ಇನ್ನೊಂದು ಪದ ‘ರಿವರ್ಸ್ ಆಕ್ಷನ್’ (ಇಲ್ಲಿ ಆಕ್ಷನ್ ಅಂದರೆ ಹರಾಜು). ಸ್ವೀಡನ್ ಹಣ ಹಂಚಿದ್ದು ಹೀಗೆ: ಟನ್ನಿಗೆ ಇಷ್ಟು ಬೇಕು ಎಂದು ಕಂಪನಿಗಳು ದರ ಹಾಕುತ್ತವೆ, ಕಡಿಮೆ ಕೇಳಿದವರು ಗೆಲ್ಲುತ್ತಾರೆ. 2025ರ ಜನವರಿಯಲ್ಲಿ ಮೇಲೆ ಹೇಳಿದ ಸ್ಥಾವರಕ್ಕೆ 15 ವರ್ಷಗಳಿಗೆ ಸುಮಾರು 2,000 ಕೋಟಿ ಕ್ರೋನಾ ಮಂಜೂರಾಯಿತು. ‘ಹಿಮ್ಮುಖ ಹರಾಜು’ ಎಂದರೆ ಯಾರಿಗೆ ಅರ್ಥವಾದೀತು? ನಮ್ಮಲ್ಲಿ ಇದಕ್ಕೆ ಟೆಂಡರ್ ಅಂತಾರೆ, ಅಲ್ವಾ? ಸುಮ್ನೆ ಹಾಗೇ ಬರೆಯಲೇ?

‘ತೆಗೆತ’ಕ್ಕೆ ನಿಮ್ಮ ಕಡೆ ಬೇರೆ ಅರ್ಥವೇನಾದರೂ ಇದ್ದರೆ ತಿಳಿಸಿ. ಹೂಳೆತ್ತುವ ಕೆಲಸದ ಅಂದಾಜು ಪಟ್ಟಿ ಬರೆದವರು ಇಲ್ಲಿದ್ದರೆ, ಅದರಲ್ಲಿ ಯಾವ ಪದ ಬಳಸುತ್ತೀರಿ ಎಂಬುದನ್ನೂ ಹೇಳಿ.